ವಾಹನಾದಿ–ವಾಹನಾಂತ: ಏಕದಿನ ಹಿಮಶಿಖರಾರೋಹಣದ ತಾತ್ವಿಕ ನೆಲೆಗಳು

ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ (4,392 ಮೀಟರ್) ಎಂಬ ಹಿಮ ಹೊದ್ದ ಜ್ವಾಲಾಮುಖಿಯನ್ನು ಒಂದೇ ದಿನದಲ್ಲಿ ಹತ್ತಿ, ಸ್ಕೀ ಕಟ್ಟಿಕೊಂಡು ಜಾರಿ ಇಳಿಯುವ ಸಂಕಥನವನ್ನು ಬಹುಶಿಸ್ತೀಯ ಅನುಸಂಧಾನದ ಮೂಲಕ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಆಶಯವಾಗಿರುತ್ತದೆ.

ಈ ಶಾಸ್ತ್ರದ ಮೂಲಮಾನ ‘ವಾಹನಾದಿ–ವಾಹನಾಂತ ಕಾಲ’. ಅಂದರೆ ಪ್ಯಾರಡೈಸ್ ಎಂಬಲ್ಲಿನ ಪಾರ್ಕಿಂಗ್ ಜಾಗದಲ್ಲಿ ಕಾರಿನ ಬಾಗಿಲು ಹಾಕಿದಲ್ಲಿಂದ ಮತ್ತೆ ತೆಗೆಯುವವರೆಗಿನ ಅವಧಿ. ನಡುವೆ ಸುಮಾರು 2,750 ಮೀಟರ್ ಏರು ಬರುತ್ತದೆ, ಅದು ಆನುಷಂಗಿಕ. ಆರೋಹಿಗಳು ಐದು ವಿಧ. ಒಂದು, ಕಾಲನಿಷ್ಠರು: ಬೆಟ್ಟ ನೋಡದೆ ಮಣಿಕಟ್ಟು ನೋಡುವವರು. ಎರಡು, ಭಾರನಿಷ್ಠರು: ತೂಕ ಉಳಿಯಲೆಂದು ಚಾಕೊಲೇಟಿನ ಕಾಗದವನ್ನು ಮನೆಯಲ್ಲೇ ಸುಲಿದಿಟ್ಟು ಬರುವವರು. ಮೂರು... ಮೂರನೆಯವರೂ ಮೊದಲನೆಯವರೇ. ಉಳಿದವರನ್ನು ಬಿಡಿ.

ನಿಜವಾದ ಶಾಸ್ತ್ರ ಇರುವುದು ಹಿಮದಲ್ಲಿ. ವಸಂತದಲ್ಲಿ ರಾತ್ರಿಯಿಡೀ ಹೆಪ್ಪುಗಟ್ಟಿದ ಹಿಮ ಬೆಳಗಿನ ಬಿಸಿಲಿಗೆ ಮೇಲ್ಮೈಯಲ್ಲಷ್ಟೇ ಸಡಿಲಗೊಂಡು ರವೆಯಂತಾಗುತ್ತದೆ. ಇಳಿಯಬೇಕಾದ್ದು ಆಗ. ಮೊದಲೇ ಇಳಿದರೆ ಕಲ್ಲಿನಂಥ ಮಂಜುಗಡ್ಡೆ. ತಡಮಾಡಿದರೆ ಮೊಣಕಾಲವರೆಗೆ ಕೆಸರು, ಬಿರುಕುಗಳ ಮೇಲಿನ ಹಿಮಸೇತುವೆಗಳೂ ಬಲ ಕಳೆದುಕೊಂಡಿರುತ್ತವೆ. ಅದಕ್ಕೇ ನಡುರಾತ್ರಿಯ ಹೊರಡಾಟ. ಹತ್ತುವಾಗ ಸ್ಕೀಯ ಅಡಿಗೆ ಅಂಟಿಸಿದ ಪಟ್ಟಿಯ ರೋಮಗಳೆಲ್ಲ ಹಿಂದಕ್ಕೆ ಮಲಗಿರುತ್ತವೆ: ಮುಂದೆ ತಳ್ಳಿದರೆ ಜಾರುತ್ತದೆ, ಹಿಂದೆ ಸರಿದರೆ ಕಚ್ಚಿಕೊಳ್ಳುತ್ತದೆ. ತುದಿಯಲ್ಲಿ ಅದನ್ನು ಕಿತ್ತು ಮಡಿಸುವಾಗ ಗಾಳಿಗೆ ಪಟಪಟ ಬಡಿದು ಅಂಟೆಲ್ಲ ಜಾಕೆಟ್ಟಿಗೆ ಮೆತ್ತಿಕೊಳ್ಳುತ್ತದೆ. ಇದನ್ನು ಯಾವ ತಾತ್ವಿಕ ನೆಲೆಯೂ ತಪ್ಪಿಸದು.

ಇನ್ನು ಪೂರ್ವಸೂರಿಗಳು. ದಾಖಲಾದ ಮೊದಲ ಆರೋಹಣ 1870ರ ಆಗಸ್ಟ್‌ನದು, ಹ್ಯಾಜರ್ಡ್ ಸ್ಟೀವನ್ಸ್ ಮತ್ತು ಫಿಲೆಮನ್ ವ್ಯಾನ್ ಟ್ರಂಪ್ ಅವರದು. ತಲುಪುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಇಳಿಯಲಾಗದೆ, ಶಿಖರದ ಕುಳಿಯಲ್ಲಿ ಭೂಗರ್ಭದ ಹಬೆ ಕೊರೆದಿದ್ದ ಹಿಮಗುಹೆಯೊಳಗೆ, ಒಂದು ಮಗ್ಗುಲು ಬೇಯುತ್ತ ಇನ್ನೊಂದು ಸೆಟೆಯುತ್ತ ರಾತ್ರಿ ಕಳೆದರು. ನಮ್ಮ ಸಿದ್ಧಾಂತದ ಪ್ರಕಾರ ಇಬ್ಬರೂ ಅನುತ್ತೀರ್ಣರು.

ಇಬ್ಬರ ಹೆಸರಲ್ಲೂ ಆ ಬೆಟ್ಟದಲ್ಲಿ ಒಂದೊಂದು ಹಿಮನದಿಯಿತ್ತು. ಸ್ಟೀವನ್ಸ್ ಹಿಮನದಿ ಎಷ್ಟು ಸೊರಗಿತೆಂದರೆ, ಅದನ್ನು ಇನ್ನು ಹಿಮನದಿ ಎನ್ನುವಂತಿಲ್ಲ ಎಂದು ರಾಷ್ಟ್ರೀಯ ಉದ್ಯಾನ ಇಲಾಖೆ 2023ರಲ್ಲಿ ಪಟ್ಟಿಯಿಂದಲೇ ಕೈಬಿಟ್ಟಿತು. ವ್ಯಾನ್ ಟ್ರಂಪ್‌ನದೂ ಅದೇ ದಾರಿ ಹಿಡಿದಿದೆ. ಒಂದು ಕಾಲಕ್ಕೆ ಜನ ಮುಗಿಬಿದ್ದು ನೋಡುತ್ತಿದ್ದ ಪ್ಯಾರಡೈಸ್‌ನ ಹಿಮಗುಹೆಗಳು ಎಂದೋ ನೀರಾಗಿ ಹೋದವು. ಇದಕ್ಕೆಲ್ಲ ಯಾವ ಅಂಕಣದಲ್ಲಿ ಎಷ್ಟು ನಿಮಿಷ ಬರೆಯುತ್ತೀರಿ ಸ್ವಾಮಿ? ಸಿಯಾಟಲ್‌ನಿಂದ ಅಲ್ಲಿಗೆ ಹೋಗಲು ಎರಡು ಗಂಟೆಗೂ ಹೆಚ್ಚು, ಬರಲು ಅಷ್ಟೇ. ಪೆಟ್ರೋಲು ಸುಟ್ಟುಕೊಂಡು ಕಳೆದ ಆ ಗಂಟೆಗಳು ನಿಮ್ಮ ವಾಹನಾದಿ–ವಾಹನಾಂತ ಲೆಕ್ಕಕ್ಕೆ ಸೇರುವುದಿಲ್ಲ. ಎಂಥ ಸುಭಗ ಶಾಸ್ತ್ರ!

ಅಲ್ಲಿನ ಕನ್ನಡದವರೊಬ್ಬರ ಮನೆಯ ಊಟದಲ್ಲಿ ಇದನ್ನೇ ಹೇಳಿ ನೋಡಿದೆ. ಕಾಲನಿಷ್ಠ ಮಹಾಶಯರೊಬ್ಬರು, “ಹಾಗಾದ್ರೆ ಪೂರ್ತಿ ಕರಗೋದ್ರೊಳಗೆ ಇನ್ನೊಂದ್ಸಲ ಟೈಮಿಂಗ್ ಇಂಪ್ರೂವ್ ಮಾಡ್ಕೊಂಡ್‌ಬಿಡ್ಬೇಕು ಕಣ್ರೀ” ಎಂದು ಮೊಸರನ್ನಕ್ಕೆ ಕೈ ಚಾಚಿದರು.