ಮೀನು ಆಮೇಲೆ, ಮೊದಲು ಹುಳ ನೋಡ್ರಿ

ಮಳೆ ಹಿಡಿಯಿತೆಂದರೆ ಸಾಕು, ಹಳಿಯಾಳದಿಂದ ಮುಂಡಗೋಡದವರೆಗೆ ಯಾವ ಊರಲ್ಲಾದರೂ ತಿಪ್ಪೆಯ ಬದಿಗೆ ಒಬ್ಬ ಹುಡುಗ ಕೋಲು ಹಿಡಿದು ನೆಲ ಕೆದರುತ್ತಿರುತ್ತಾನೆ. ತೆಂಗಿನ ಚಿಪ್ಪಿನಲ್ಲಿ ಒಂದು ಹಿಡಿ ಹಸಿಮಣ್ಣು, ಅದರೊಳಗೆ ಎರೆಹುಳ. ಗಾಳಕ್ಕೆ ಇದನ್ನು ಮೀರಿಸಿದ್ದು ಯಾವುದೂ ಇಲ್ಲ ಅಂತ ಅಜ್ಜ ಹೇಳಿಕೊಟ್ಟಿರುತ್ತಾನೆ. ಅಜ್ಜ ಹೇಳಿದ್ದು ಸರಿಯೇ. ಆದರೆ ಎರೆಹುಳ ನೆಲದ ಜೀವ. ಗದ್ದೆಯ ನೀರು ಹಳ್ಳಕ್ಕೆ ಇಳಿಯುವಾಗ ಕೊಚ್ಚಿಹೋಗುವ ನಾಲ್ಕು ದಿನ ಬಿಟ್ಟರೆ ಮೀನಿಗೆ ಅದು ಸಿಗುವುದೆಲ್ಲಿ? ವರ್ಷವಿಡೀ ಮೀನಿನ ಹೊಟ್ಟೆ ತುಂಬಿಸುವುದು ನೀರಿನ ತಳದಲ್ಲೇ ಹುಟ್ಟಿ ಬೆಳೆಯುವ ಎರೆಹುಳದ ದಾಯಾದಿಗಳು. ನಾವು ಅವುಗಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ನನಗೆ ಬೇಜಾರು ಅದೇ.

ಕೆರೆಯ ಅಂಚಿನ ಒಂದು ಬೊಗಸೆ ಕೆಸರನ್ನು ಬಿಳಿ ತಟ್ಟೆಗೆ ಹಾಕಿ, ಮೇಲೆ ಸ್ವಲ್ಪ ನೀರು ಬಿಟ್ಟು, ಸುಮ್ಮನೆ ಕಾಯಿರಿ. ಕದಡಿದ್ದು ತಿಳಿಯಾದ ಮೇಲೆ ಕೆಂಪು ನೂಲಿನಂಥ ಎಳೆಗಳು ಮಿಸುಕತೊಡಗುತ್ತವೆ. ಇವು ಟ್ಯೂಬಿಫೆಕ್ಸ್ ಜಾತಿಯ ಹುಳಗಳು. ಅಕ್ವೇರಿಯಂ ಅಂಗಡಿಯಲ್ಲಿ ಒಣಗಿಸಿ ಬಿಲ್ಲೆ ಮಾಡಿ ಮಾರುವುದು ಇವನ್ನೇ. ತಲೆ ಕೆಸರಿನೊಳಗೆ, ಬಾಲ ಮೇಲೆ. ತಲೆಯಿಂದ ಊಟ, ಬಾಲದಿಂದ ಉಸಿರು. ಗುಂಪಾಗಿದ್ದರೆ ಗಾಳಿಗೆ ಆಡುವ ಭತ್ತದ ಸಸಿಮಡಿಯ ಹಾಗೆ ಬಾಲಗಳೆಲ್ಲ ಒಟ್ಟಿಗೆ ತೂಗುತ್ತವೆ. ನೀರಲ್ಲಿ ಆಮ್ಲಜನಕ ಕಡಿಮೆಯಾದಷ್ಟೂ ಬಾಲವನ್ನು ಹೆಚ್ಚು ಉದ್ದಕ್ಕೆ ಹೊರಚಾಚುತ್ತವೆ. ತಟ್ಟೆಗೆ ಬೆರಳು ತಾಗಿಸಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎಲ್ಲವೂ ಮಾಯ.

ಪಕ್ಕದಲ್ಲೇ ಕೊಕ್ಕೆಯ ಹಾಗೆ ಬಾಗಿ ಚಿಮ್ಮುವ ಇನ್ನೊಂದು ಕೆಂಪು ಜೀವ ಕಂಡರೆ ಅದು ಹುಳವಲ್ಲ, ಕಚ್ಚದ ಜಾತಿಯ ಒಂದು ಸಣ್ಣ ನೊಣದ ಮರಿ. ಎರಡರ ಮೈಬಣ್ಣಕ್ಕೂ ಕಾರಣ ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್. ಉಸಿರು ಸಾಲದ ಕೆಸರಲ್ಲಿ ಬದುಕಬೇಕಲ್ಲ! ತಳ ಮೂಸುವ ಮೃಗಾಲ್‌ನಿಂದ ಹಿಡಿದು ಗಂಟಲಲ್ಲಿ ಹಲ್ಲಿಟ್ಟುಕೊಂಡಿರುವ ಮಹಶೀರ್‌ವರೆಗೆ ಮೀನುಗಳಿಗೆ ಈ ತಳದ ಜೀವಗಳು ಮೇವು. ಮುಂಡಗೋಡದ ಅತ್ತಿವೇರಿಯಲ್ಲಿ ಕೆಸರಿಗೆ ಕೊಕ್ಕಿಳಿಸಿ ನಡೆಯುವ ಹಕ್ಕಿಗಳೂ ಇದೇ ಪಂಕ್ತಿಯಲ್ಲಿ ಊಟಕ್ಕೆ ಕೂತವು.

ದೂರದ ಅಮೆರಿಕದವರು ಇಂಥ ಕೆಂಪು ಹುಳವನ್ನು ನೋಡಿ ಕಲಿತದ್ದೊಂದಿದೆ, ಕೇಳಿ. ನ್ಯೂ ಮೆಕ್ಸಿಕೋದಲ್ಲಿ ಸ್ಯಾನ್ ಹುವಾನ್ ಅಂತ ನದಿ. 1962ರಲ್ಲಿ ಅದಕ್ಕೆ ನವಾಹೊ ಅಣೆಕಟ್ಟು ಕಟ್ಟಿದರು. ಅದರ ಕೆಳಗಿನ ತಣ್ಣೀರಿನಲ್ಲಿ ಟ್ರೌಟ್ ಮೀನು ಕೊಬ್ಬಿದವು, ತಳದಲ್ಲಿ ಕೆಂಪು ಹುಳ ತುಂಬಿದವು. ಅಲ್ಲಿನ ಗಾಳಗಾರರು ಆ ಹುಳವನ್ನೇ ದಾರದಲ್ಲಿ ಕಟ್ಟಿದರು. ಗಾಳದ ಬೆನ್ನಿಗೆ ಕೆಂಪು ನೂಲು ಸುತ್ತಿ, ಅದರ ಮೇಲೆ ಒಂದು ತುಂಡು ನವಿರು ಎಳೆಯ ಕೆಂಪು ದಾರವನ್ನು ನಡುವಿಗೆ ಬಿಗಿದು, ಎರಡೂ ತುದಿ ಸಡಿಲ ಬಿಟ್ಟು, ತುದಿಗಳನ್ನು ಬೆಂಕಿಗೆ ಒಂದಿಷ್ಟು ತಾಗಿಸಿ ಚೂಪು ಮಾಡಿದರೆ ಮುಗಿಯಿತು. ನೀರಿಗಿಳಿದೊಡನೆ ತುದಿಗಳು ಬಳುಕುತ್ತವೆ, ಜೀವ ಬಂದಂತೆ. ಸ್ಯಾನ್ ಹುವಾನ್ ವರ್ಮ್ ಎಂಬ ಈ ಹುಸಿ ಹುಳಕ್ಕೆ ಇವತ್ತು ಲೋಕದ ತುಂಬ ಹೆಸರಿದೆ.

ಅಣೆಕಟ್ಟಿನ ಕೆಳಗಿನ ಹೊಳೆ ಅಂದಾಗ ನಮ್ಮ ಗಣೇಶಗುಡಿಯನ್ನು ನೆನೆಸಿಕೊಳ್ಳಿ. ಜೋಯಿಡಾದ ಡಿಗ್ಗಿ ಹತ್ತಿರ ಹುಟ್ಟಿದ ಕಾಳಿ ನದಿಯನ್ನು ಅಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ತಡೆದು ನಿಲ್ಲಿಸಿದೆ. ವಿದ್ಯುತ್ತಿಗೆ ನೀರು ಬಿಟ್ಟಾಗ ಕೆಳಗೆ ಹೊಳೆ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಏರುವ ನೀರು ತಳದ ಹುಳಹುಪ್ಪಟೆಯನ್ನು ಕಿತ್ತು ತೇಲಿಸುತ್ತದೆ; ಮೀನು ಬಂಡೆಯ ಮರೆಯಲ್ಲಿ ಬಾಯಿ ತೆರೆದು ಕಾಯುತ್ತದೆ. ಆದರೆ ನೀರು ಥಟ್ಟನೆ ಇಳಿದರೆ ಅಂಚಿನ ಕಲ್ಲುಗಳ ಮೇಲಿನ ಕೀಟಮರಿಗಳು ಒಣಗಿ ಸಾಯುತ್ತವೆ. ರಾಫ್ಟಿಂಗಿಗೆ ಬಂದವರು ಅಲೆ ನೋಡುತ್ತಾರೆ; ಆ ಅಲೆಯ ಕೆಳಗೆ ಯಾರು ಬದುಕಿದರು, ಯಾರು ಸತ್ತರು ಅಂತ ಕೇಳುವವರೂ ಬೇಕು.

ಹುಳ ಹೆಚ್ಚಿದ್ದರೆ ಒಳ್ಳೆಯದು ಅಂತಲೂ ಅಲ್ಲ. ಜೋಯಿಡಾದ ಕಾಡುಹಳ್ಳದಲ್ಲಿ ಕಲ್ಲೊಂದನ್ನು ಮಗುಚಿದರೆ ಬಗೆಬಗೆಯ ಕೀಟಮರಿಗಳಿರುತ್ತವೆ: ಬಾಲಕ್ಕೆ ಮೂರು ಕೂದಲಿನವು, ಮರಳಿನ ಕಣ ಅಂಟಿಸಿ ಮನೆ ಕಟ್ಟಿಕೊಂಡವು. ಊರಿನ ಚರಂಡಿ ಬಂದು ಸೇರುವ ಕಡೆ ಅವೆಲ್ಲ ಹೋಗಿ ಕೆಂಪು ಹುಳದ ಹಾಸು ಮಾತ್ರ ಉಳಿಯುತ್ತದೆ. ಆ ಹಾಸು ಕಂಡರೆ ನೀರಿಗೆ ಉಸಿರು ಕಟ್ಟಿದೆ ಅಂತಲೇ ತಿಳಿಯಿರಿ. ಯಂತ್ರ ಬೇಡ, ತಟ್ಟೆ ಸಾಕು.

ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಗಾಳ ಹಾಕುವಂತಿಲ್ಲ, ಹಾಕಲೂ ಬಾರದು. ದಾಂಡೇಲಿಯ ಹೊಳೆಯಲ್ಲಿ ಮೊಸಳೆಗಳಿವೆ, ಮಕ್ಕಳನ್ನು ಅಲ್ಲಿ ನೀರಿಗಿಳಿಸಬೇಡಿ. ಮನೆಹತ್ತಿರದ ಕೆರೆಯಂಚು ಸಾಕು. ಮುಂದಿನ ಭಾನುವಾರ ನಿಮ್ಮ ಹುಡುಗನ ಕೈಗೆ ಗಾಳ ಕೊಡುವ ಮೊದಲು ತಟ್ಟೆ ಕೊಡಿ. ಯಾವ ಹುಳ, ಎಷ್ಟು ಬಗೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಆ ಪುಸ್ತಕ ಹಿಡಿದು ಊರ ಪಂಚಾಯಿತಿಗೆ ಹೋದರೆ ಚರಂಡಿಯ ಬಗ್ಗೆ ಮಾತಾಡಲು ಅವನ ಹತ್ತಿರ ಆಧಾರ ಇರುತ್ತದೆ. ನಾನೂ ಜೊತೆಗೆ ಬರುತ್ತೇನೆ.