ಹೊಸ ಲ್ಯಾಪ್‌ಟಾಪ್ ತಂದವರಿಗೆ ಬಳಕೆ ಕೈಪಿಡಿ: ಮಸಗುಪ್ಪಿ ಆವೃತ್ತಿ

ಕಬ್ಬಿನ ಬಿಲ್ ಜಮಾ ಆದ ವಾರವೇ ಗೋಕಾಕಕ್ಕೆ ಹೋಗಿ, ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ತಂದ ಮಸಗುಪ್ಪಿಯ ಮನೆಗಳಿಗಾಗಿ ಈ ಕೈಪಿಡಿ. ಪೆಟ್ಟಿಗೆಯಲ್ಲಿ ಇರುವವು: ಲ್ಯಾಪ್‌ಟಾಪ್ 1, ಚಾರ್ಜರ್ 1, ಹತ್ತಾರು ಭಾಷೆಗಳಿದ್ದೂ ಕನ್ನಡವಿಲ್ಲದ ಚಿಕ್ಕ ಪುಸ್ತಕ 1. ಕರದಂಟು ಇರುವುದಿಲ್ಲ, ಬೇರೆ ತರಬೇಕು. ಇನ್ನೆರಡು ತಾಸು ಯಂತ್ರವಂತೂ ಯಾರ ಕೈಗೂ ಸಿಗುವುದಿಲ್ಲ. ನೋಡಲು ಬಂದವರ ಕೈಗೆ ಏನಾದರೂ ಕೊಡಬೇಕಲ್ಲ.

ಹಂತ 1: ಪೂಜೆ

ಕುಂಕುಮ ಮುಚ್ಚಳಕ್ಕೆ ಮಾತ್ರ, ಕೀಬೋರ್ಡಿಗೆ ಬೇಡ. ಕಾಯಿ ಅಂಗಳದಲ್ಲಿ ಒಡೆಯಿರಿ.

ಹಂತ 2: ಚಾಲೂ ಮಾಡುವುದು

ಇದನ್ನು ಮನೆಯಲ್ಲೇ ಮಾಡಿ. "ನಾವs ಎಲ್ಲಾ ಹಾಕಿ ಕೊಡ್ತೀವ್ರಿ" ಎಂದು ಅಂಗಡಿಯ ಹುಡುಗ ಪ್ರೀತಿಯಿಂದಲೇ ಹೇಳುತ್ತಾನೆ, ಆದರೆ ಹಾಕುವುದು ತನ್ನ ಇಮೇಲ್. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದ ಕೂಡಲೇ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುವುದು ಸಾಮಾನ್ಯ. ಆ ಬೀಗದ ರಿಕವರಿ ಕೀ 48 ಅಂಕಿಗಳದು, ಅದು ಹೋಗಿ ಕೂರುವುದು ಯಾರ ಇಮೇಲ್ ಹಾಕಿದ್ದೀರೋ ಅವರ ಖಾತೆಯಲ್ಲಿ. ವರ್ಷ ಕಳೆದ ಮೇಲೆ ಒಂದು ಬಯೋಸ್ ಅಪ್‌ಡೇಟ್ ಬಂದು, ನೀಲಿ ಪರದೆ ಮೂಡಿ, ಆ 48 ಅಂಕಿ ಕೇಳಿತೆನ್ನಿ. ಅಷ್ಟರಲ್ಲಿ ಹುಡುಗ ಅಂಗಡಿ ಬಿಟ್ಟು ಪುಣೆ ಸೇರಿರುತ್ತಾನೆ. ಮಗಳ ಪ್ರಾಜೆಕ್ಟ್ ರಿಪೋರ್ಟ್ ಯಂತ್ರದೊಳಗೇ ಇರುತ್ತದೆ, ಯಾರಿಗೂ ಸಿಗುವುದಿಲ್ಲ. ಮೈಕ್ರೋಸಾಫ್ಟಿಗೆ ಫೋನ್ ಮಾಡಿದರೂ ಉಪಯೋಗವಿಲ್ಲ, ಕಳೆದ ಕೀಯನ್ನು ಅವರೂ ಹೊಸದಾಗಿ ಮಾಡಿಕೊಡಲಾರರು. ಆದ್ದರಿಂದ ನಿಮ್ಮದೇ ಇಮೇಲ್ ಹಾಕಿ, ಕೀಯನ್ನು ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದು, ಹೊಲದ ಉತಾರ ಇಟ್ಟಿರುವ ಟ್ರಂಕಿನಲ್ಲಿಡಿ. ಈ ಕೈಪಿಡಿಯಲ್ಲಿ ಇದೊಂದನ್ನು ಪಾಲಿಸಿದರೂ ಸಾಕು, ಉಳಿದದ್ದು ಹರಟೆ.

ಹಂತ 3: ತಿರುಗುವ ಚುಕ್ಕಿಗಳು

ಪರದೆಯ ನಡುವೆ ಚುಕ್ಕಿಗಳು ಸುತ್ತತೊಡಗುತ್ತವೆ. ಶೇಕಡಾ 35ಕ್ಕೆ ಬಂದು ನಿಲ್ಲುತ್ತವೆ. ಆಗ ಮನೆಯಲ್ಲಿರುವ ಕಾಕಾ ಕೇಳುವ ಪ್ರಶ್ನೆ ಒಂದೇ: "ಹೊಸಾದ ಐತೆಲ್ಲಾ, ಈಗs ಯಾಕ ರಿಪೇರಿ?"

ಉತ್ತರ: ಯಂತ್ರ ಫ್ಯಾಕ್ಟರಿ ಬಿಟ್ಟು ಗೋಡೌನು, ಅಂಗಡಿ ಎಂದು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲೇ ಮಲಗಿರುತ್ತದೆ. ಅಷ್ಟು ದಿನದಲ್ಲಿ ಸಿಕ್ಕ ತಪ್ಪುಗಳ ತಿದ್ದುಪಡಿಗಳೆಲ್ಲ ಇಂಟರ್‌ನೆಟ್ ಸಿಕ್ಕ ಕೂಡಲೇ ಒಮ್ಮೆಗೇ ಇಳಿಯುತ್ತವೆ. ಆಮೇಲೆ ತಿಂಗಳಿಗೊಂದು. ಮೈಕ್ರೋಸಾಫ್ಟಿನವರು ಅಮೆರಿಕದಲ್ಲಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಬಿಡುತ್ತಾರೆ, ನಮಗಾಗ ಮಂಗಳವಾರ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. ಆದ್ದರಿಂದ ನೌಕರಿ ಅರ್ಜಿಯ ಕೊನೇ ದಿನಾಂಕ ಆ ಬುಧವಾರವಿದ್ದರೆ ಸೋಮವಾರವೇ ಹಾಕಿ ಮುಗಿಸಿ. ಪುರುಸೊತ್ತಿಲ್ಲದಾಗ ಐದು ವಾರದವರೆಗೆ ಅಪ್‌ಡೇಟ್ ತಡೆದಿಡಬಹುದು, ಪೂರ್ತಿ ಬಿಡಬೇಡಿ. 2017ರ ಮೇ 12ರಂದು ವನ್ನಾಕ್ರೈ ಎಂಬ ವೈರಸ್ ಸುಮಾರು 150 ದೇಶಗಳಲ್ಲಿ ಕಂಪ್ಯೂಟರ್‌ಗಳನ್ನು ಒತ್ತೆ ಹಿಡಿದು ದುಡ್ಡು ಕೇಳಿತಲ್ಲ, ಅದರ ತಿದ್ದುಪಡಿ ಮಾರ್ಚ್ 14ಕ್ಕೇ ಬಂದಿತ್ತು. ಸಿಕ್ಕಿಬಿದ್ದವರಲ್ಲಿ ಬಹಳ ಮಂದಿ "ಆಮ್ಯಾಲೆ ನೋಡೂಣು" ಎಂದವರೇ.

ಡೇಟಾ ಇನ್ನೊಂದು ತಕರಾರು. ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿದರೆ ದಿನದ ಒಂದೂವರೆ ಜಿಬಿಯನ್ನು ಯಂತ್ರವೇ ನುಂಗಿ, ಅಪ್ಪನ ವಾಟ್ಸ್ಆ್ಯಪ್ ಮಧ್ಯಾಹ್ನಕ್ಕೇ ಸ್ತಬ್ಧ. ಸೆಟ್ಟಿಂಗ್ಸ್‌ನಲ್ಲಿ ಆ ಹಾಟ್‌ಸ್ಪಾಟ್‌ಗೆ "ಮೀಟರ್ಡ್ ಕನೆಕ್ಷನ್" ಹಾಕಿ, ದೊಡ್ಡ ಅಪ್‌ಡೇಟನ್ನು ವೈಫೈ ಇರುವ ಮಾವನ ಮನೆಯಲ್ಲಿ ಮಾಡಿಕೊಳ್ಳಿ. ಕರದಂಟು ಅಲ್ಲಿಗೂ ಒಯ್ಯಿರಿ.

ಕರೆಂಟು: ಗೋಕಾಕ ಫಾಲ್ಸ್‌ನಲ್ಲಿ ಧುಮುಕುವ ನೀರಿನಿಂದ ಬಹಳ ಹಿಂದೆಯೇ ವಿದ್ಯುತ್ ತೆಗೆದರು. ಆ ಹೆಮ್ಮೆಯ ಮೇಲೆ ಅಪ್‌ಡೇಟ್ ಶುರು ಮಾಡಬೇಡಿ. ಬ್ಯಾಟರಿ ತುಂಬಿಸಿ, ಚಾರ್ಜರ್ ಸಿಕ್ಕಿಸಿಯೇ ಕೂಡಿ. ಶೇಕಡಾ 35ರಲ್ಲಿ ನಿಂತಾಗ ಕಾಕಾ "ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ" ಎನ್ನುತ್ತಾರೆ. ಟಿವಿಗೆ ಅದು ಸರಿ. ಇಲ್ಲಿ, ಅದರಲ್ಲೂ ಬಯೋಸ್ ಅಪ್‌ಡೇಟ್ ನಡೆದಾಗ ಬಟನ್ ಒತ್ತಿದರೆ ಮದರ್‌ಬೋರ್ಡೇ ಹೋಗಬಹುದು. ಕಾಕಾ ಅವರಿಗೆ ಚಹಾ ಕೊಡಿ.

ಹಂತ 4

ಹಂತ 4 ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ.

ಹಂತ 5: ಅಪ್‌ಗ್ರೇಡ್

ಹಳೆಯ ವಿಂಡೋಸ್ ಬಿಟ್ಟು ಹೊಸದಕ್ಕೆ ಹೋಗುವ ಇದು ಬೇರೆ ಬಾಬತ್ತು. ಮಸಗುಪ್ಪಿ ಗೋಕಾಕ ತಾಲೂಕು ಬಿಟ್ಟು ಮೂಡಲಗಿ ತಾಲೂಕಿಗೆ ಸೇರಿದ್ದನ್ನು ನೆನಪಿಸಿಕೊಳ್ಳಿ: ಮನೆ ಅದೇ, ಹೊಲ ಅದೇ, ಘಟಪ್ರಭೆ ಅದೇ, ಬದಲಾದದ್ದು ಕಚೇರಿ, ಶಿಕ್ಕಾ, ಕಾಗದದ ತಲೆಬರಹ. ಅಪ್‌ಗ್ರೇಡ್ ಆದಾಗ ನಿಮ್ಮ ಫೋಟೊ, ಫೈಲುಗಳು ಇದ್ದಲ್ಲೇ ಇರುತ್ತವೆ, ಆಳುವ ವ್ಯವಸ್ಥೆ ಬದಲಾಗುತ್ತದೆ. ಆದರೂ ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿಟ್ಟೇ ಕೈಹಚ್ಚಿ.

ಹಳೇ ಲ್ಯಾಪ್‌ಟಾಪ್ ಅರ್ಧ ರೇಟಿಗೆ ಸಿಗುತ್ತದೆಂದು ಹೊರಟವರಿಗೆ ಎಚ್ಚರಿಕೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದರೆ ಸುರಕ್ಷತಾ ತಿದ್ದುಪಡಿ ಆ ದಿನದಿಂದ ಒಂದು ವರ್ಷ ಮಾತ್ರ. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್, 4 ಜಿಬಿ ರ‍್ಯಾಮ್ ಬೇಕು. ಇಂಟೆಲ್ ಆದರೆ ಬಹುತೇಕ ಎಂಟನೇ ಪೀಳಿಗೆಯ ಮೇಲಿನದಿರಬೇಕು. 4 ಜಿಬಿ ಎನ್ನುವುದು ಕಾಗದದ ಮಾತು, 8 ಇಲ್ಲದಿದ್ದರೆ ದಿನವೂ ಚುಕ್ಕಿಗಳ ದರ್ಶನ. "ಹನ್ನೊಂದು ಹಾಕಿ ಕೊಟ್ಟೇನಿ ಅಣ್ಣಾ, ಹತ್ತ ವರ್ಷ ಚಿಂತಿಲ್ಲ" ಎಂದು ಮಾರುವವನು ಆಣೆ ಮಾಡಿದರೂ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟ ತೆರೆದು ಎದುರಿಗೇ ಒತ್ತಿ ನೋಡಿ. ಅಪ್‌ಡೇಟ್ ಬರಬೇಕಾದದ್ದೂ ಆ ಪುಟದಿಂದಲೇ. ಸಿನಿಮಾ ನೋಡುವಾಗ ಬ್ರೌಸರಿನಲ್ಲಿ ಹಾರಿ ಬಂದು "ಈಗಲೇ ಅಪ್‌ಡೇಟ್ ಮಾಡಿ" ಎನ್ನುವುದು ಕಳ್ಳ.

ಅಪ್‌ಗ್ರೇಡ್ ಹಿಡಿಸದಿದ್ದರೆ ಮೊದಲ 10 ದಿನದೊಳಗೆ ಹಳೆಯದಕ್ಕೆ ಮರಳಬಹುದು, ಆಮೇಲೆ ಆ ದಾರಿ ಬಂದ್. ಆದರೆ ಹನ್ನೊಂದಕ್ಕೆ ಹೋದ ಬಹಳ ಜನರ ದೂರು ಒಂದೇ: ಎಡಗಡೆ ಇದ್ದ ಸ್ಟಾರ್ಟ್ ಬಟನ್ ನಡುವೆ ಬಂದು ಕೂತಿದೆ. ಅಷ್ಟಕ್ಕೆ ಹಿಂದೆ ಹೋಗಬೇಕಿಲ್ಲ. ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ತೆರೆದು, ಅಲೈನ್‌ಮೆಂಟ್ ಎಂಬಲ್ಲಿ ಲೆಫ್ಟ್ ಆರಿಸಿ.