ರಟ್ಟಿನ ಗುಟ್ಟು

ಗ್ರಂಥಲೋಕದಲ್ಲಿಯೂ ಪಂಕ್ತಿಭೇದವುಂಟೆಂಬುದು ಪ್ರಕಾಶಕರ ಬೆಲೆಪಟ್ಟಿಯನ್ನು ನೋಡಿದವರಿಗೆಲ್ಲ ವಿದಿತವಾದ ಸಂಗತಿಯೇ. ಸಾದಾ ಪ್ರತಿಯಲ್ಲಿಯೂ ಕ್ಯಾಲಿಕೊ ಪ್ರತಿಯಲ್ಲಿಯೂ ಅಕ್ಷರಗಳು ಅವೇ, ಅಚ್ಚಿನ ತಪ್ಪುಗಳೂ ಅವೇ. ಆದರೂ ದಪ್ಪ ರಟ್ಟನ್ನು ಹೊದ್ದು, ಬೆನ್ನಮೇಲೆ ಹೊನ್ನಕ್ಷರಗಳನ್ನು ಬರೆಯಿಸಿಕೊಂಡು ಬಂದ ಮಹನೀಯನಿಗೆ ಗಾಜಿನ ಬೀರುವೂ, ತೆಳುಹೊದಿಕೆಯ ಬಡಪಾಯಿಗೆ ಕಿಟಕಿಯ ಗೂಡೂ ನಮ್ಮ ಮನೆಗಳಲ್ಲಿ ಮೀಸಲು.

ಈ ಮರ್ಯಾದೆ ಸಲ್ಲಬೇಕಾದದ್ದು ರಟ್ಟಿಗಲ್ಲ, ಹೊಲಿಗೆಗೆ. ಅಚ್ಚಾದ ಹಾಳೆಯನ್ನು 8 ಅಥವಾ 16 ಪುಟಗಳ ಫಾರಮಾಗಿ ಮಡಿಸಿ, ಮಡಿಕೆಯ ನಡುವೆ ದಾರ ಹಾಯಿಸಿ, ಒಂದನ್ನು ಮತ್ತೊಂದಕ್ಕೆ ಬಿಗಿದ ಪುಸ್ತಕವು ಮೇಜಿನಮೇಲೆ ವಿಧೇಯವಾಗಿ ತೆರೆದುಕೊಳ್ಳುತ್ತದೆ. ಪರ್ಫೆಕ್ಟ್ ಬೈಂಡಿಂಗಿನಲ್ಲಾದರೋ ಆ ಮಡಿಕೆಗಳನ್ನೇ ಕತ್ತರಿಸಿ, ಬಿಡಿಹಾಳೆಗಳ ಅಂಚಿಗೆ ಬಿಸಿ ಅಂಟು ಬಳಿದು ಹೊದಿಕೆಯನ್ನು ಮೆತ್ತುತ್ತಾರೆ; ಕೆಲವು ಬೇಸಗೆಗಳು ಕಳೆದು ಅಂಟು ಗಡುಸಾದಮೇಲೆ, ನಾಯಕಿಯ ವಿವಾಹವು 112ನೆಯ ಪುಟದಲ್ಲಿ ನಿಶ್ಚಯವಾಗುವಷ್ಟರಲ್ಲಿ ಚಟ್ಟೆಂಬ ಸದ್ದಾಗಿ, ವರನ ಹೆಸರಿದ್ದ 113ನೆಯ ಪುಟವು ಮಂಚದ ಕೆಳಗೆ ಸೇರಿರುತ್ತದೆ.

ಇದೇ ಅಂಟಿನ ಕಂತೆಗೆ ರಟ್ಟು ತೊಡಿಸಿ ಇಮ್ಮಡಿ ಬೆಲೆ ಕೇಳುವುದಂತೂ ಶುದ್ಧ ವಂಚನೆ. ನನ್ನಲ್ಲಿರುವ ಬೃಹತ್ಕಾದಂಬರಿಯೊಂದರ ಬೆನ್ನಿನ ನೆತ್ತಿಯಲ್ಲಿ ಕೆಂಪು ಹಳದಿ ಪಟ್ಟೆಯ ನೂಲಿನಂಚು ಕಂಗೊಳಿಸುತ್ತದೆ. ಕೈಹೊಲಿಗೆಯೆಂದು ಮೆಚ್ಚಿ ಉಗುರಿನಿಂದ ಎಬ್ಬಿಸಿದರೆ, ಅದು ಗಜದ ಲೆಕ್ಕದಲ್ಲಿ ಮಾರುವ ರಿಬ್ಬನ್ನಿನ ತುಣುಕು, ಅಂಟಿನಮೇಲೆ ಅಂಟಿಸಿದ್ದು! ರಟ್ಟಿಗೂ ಪುಟಗಳಿಗೂ ಇರುವ ಸಂಬಂಧವೆಲ್ಲ ಮೊದಲ ಮತ್ತು ಕೊನೆಯ ಖಾಲಿ ಹಾಳೆಗಳ ಹಾಗೂ ಬೆನ್ನಿಗೆ ಹಚ್ಚಿದ ಜಾಳುಬಟ್ಟೆಯ ಆಶ್ರಯದಲ್ಲಿರುವುದರಿಂದ, ಎರಡನೆಯ ಓದಿಗೆ ರಟ್ಟು ನನ್ನ ಕೈಯಲ್ಲುಳಿದು ಕಥಾಭಾಗವೆಲ್ಲವೂ ಮಡಿಲಿಗಿಳಿಯಿತು.

ರಟ್ಟೇ ಬೇಡವೆಂದು ನಾನು ಹೇಳುವವನಲ್ಲ. 1894ರಲ್ಲಿ ಮಂಗಳೂರಿನಿಂದ ಹೊರಟ ಕಿಟ್ಟೆಲ್ ಕೋಶದಂತಹ, 1700 ಪುಟಗಳನ್ನು ಮೀರಿದ ಗ್ರಂಥಕ್ಕೆ ಕವಚ ಅನಿವಾರ್ಯ. ನಮ್ಮ ಓಲೆಗರಿಗಳಿಗೂ ಮೇಲೆ ಕೆಳಗೆ ಮರದ ಹಲಗೆಗಳಿದ್ದವು. ಆದರೆ ಗರಿಗಳನ್ನು ಹಿಡಿದಿಟ್ಟದ್ದು ರಂಧ್ರದಲ್ಲಿ ಪೋಣಿಸಿದ ದಾರ. ಹೊಲಿಗೆಯುಳ್ಳ ಸಾದಾ ಪ್ರತಿಯ ಹೊದಿಕೆ ಹರಿದರೆ, ಬೀದಿಯ ಬೈಂಡರನು ಮೈದಾಹಿಟ್ಟಿನ ಸರಿಗೆ ಹುಳಬಾರದಂತೆ ಮೈಲುತುತ್ತವನ್ನು ಬೆರಸಿ, ಹೊಸ ರಟ್ಟು ಹಾಕಿ, ಸಾಯಂಕಾಲದೊಳಗೆ ಕ್ಯಾಲಿಕೊ ಪಂಕ್ತಿಗೆ ಏರಿಸಿಬಿಡುತ್ತಾನೆ. ಬಿಡಿಹಾಳೆಗಳ ಕಂತೆಯನ್ನು ಕಂಡರೆ ಅವನೂ ತಲೆಯಾಡಿಸುತ್ತಾನೆ.

ಆದಕಾರಣ, ವಾಚಕ ಮಹಾಶಯರೇ, ಅಂಗಡಿಯಲ್ಲಿ ಹೊನ್ನಕ್ಷರಗಳಿಗೆ ಮರುಳಾಗದೆ, ಫಾರಮಿನ ನಟ್ಟನಡುವಣ ಪುಟವನ್ನು ಬಿಡಿಸಿ ನೋಡಿ. ಅಲ್ಲಿ ದಾರ ಕಾಣಿಸಿದರೆ ಮಾತ್ರ ಹಣದ ಚೀಲವನ್ನು ಬಿಚ್ಚಿ.